ವಿನೈಲ್ ಹೊದಿಕೆಯ ಬೆಲೆ ಮತ್ತು ಆಪ್ತನ ಲಕ್ಷಣ

ಒಂದು ವಿದ್ಯೆಯನ್ನು ನಿಜವಾಗಿ ಬಲ್ಲವನು ಯಾರೆಂಬುದನ್ನು ಆ ವಿದ್ಯೆಯ ಗಂಧವೂ ಇಲ್ಲದವನು ಹೇಗೆ ನಿರ್ಣಯಿಸಬೇಕು ಎಂಬುದು ಪ್ರಮಾಣಶಾಸ್ತ್ರದ, ಅಂದರೆ ಯಥಾರ್ಥಜ್ಞಾನದ ಸಾಧನಗಳಾವುವು ಎಂದು ವಿಚಾರಿಸುವ ಶಾಸ್ತ್ರದ, ಬಹು ಹಳೆಯ ಪ್ರಶ್ನೆಗಳಲ್ಲಿ ಒಂದು. ರೋಗಿ ವೈದ್ಯನನ್ನು ಆರಿಸುವಾಗಲೂ ಶಿಷ್ಯ ಗುರುವನ್ನು ಹುಡುಕುವಾಗಲೂ ಎದುರಾಗುವ ಈ ಸಂಕಟವನ್ನು ದರ್ಶನಕಾರರು ಆರೋಗ್ಯ, ಧರ್ಮ, ಮೋಕ್ಷಗಳಂಥ ದೊಡ್ಡ ವಿಷಯಗಳ ನಡುವೆ ಚರ್ಚಿಸಿದ್ದಾರೆ. ಆದರೆ ಅವರು ಕೊಟ್ಟ ಉತ್ತರಗಳ ಬಲ ತಿಳಿಯಬೇಕಾದರೆ ಅವನ್ನು ಹಣ ಕೈಬದಲಾಗುವ, ಶಾಸ್ತ್ರದ ಹೆಸರನ್ನು ಯಾರೂ ಎತ್ತದ ಒಂದು ಸಾಧಾರಣ ವ್ಯವಹಾರದಲ್ಲಿಟ್ಟು ಪರೀಕ್ಷಿಸಬೇಕಾಗುತ್ತದೆ. ಕಾರಿನ ಮೈಗೆ ವಿನೈಲ್ ಹೊದಿಕೆ ಹಾಕಿಸುವ, ವಾಡಿಕೆಯಲ್ಲಿ 'ರ‍್ಯಾಪ್ ಮಾಡಿಸುವ' ಕೆಲಸ ಅಂಥದೊಂದು ವ್ಯವಹಾರ. ಬೆಂಗಳೂರಿನ ಜೆ.ಸಿ. ರಸ್ತೆಯ ವಾಹನಸಾಮಗ್ರಿ ಅಂಗಡಿಗಳಿಂದ ಹೊರವಲಯದ ದೊಡ್ಡ ಸ್ಟುಡಿಯೋಗಳವರೆಗೆ ಒಂದೇ ಕಾರಿಗೆ, ಒಂದೇ ಬಣ್ಣಕ್ಕೆ, ಒಬ್ಬರು ಹೇಳಿದ ದರದ ಎರಡರಷ್ಟನ್ನೋ ಮೂರರಷ್ಟನ್ನೋ ಮತ್ತೊಬ್ಬರು ಹೇಳುವುದುಂಟು. ಕೆಲಸ ಮುಗಿದ ದಿನ ಇಬ್ಬರು ಮಾಡಿದ ಕಾರುಗಳೂ ಒಂದೇ ರೀತಿ ಹೊಳೆಯುವುದರಿಂದ, ವ್ಯತ್ಯಾಸವೆಲ್ಲಿದೆ ಎಂಬುದು ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ.

ವಿನೈಲ್ ಹೊದಿಕೆ ಎಂದರೆ ಪಾಲಿವಿನೈಲ್ ಕ್ಲೋರೈಡ್ ಎಂಬ ಗಡಸು ಪ್ಲಾಸ್ಟಿಕ್ಕಿಗೆ ಅದನ್ನು ಮೆದುಗೊಳಿಸುವ ದ್ರವ್ಯಗಳನ್ನು ಬೆರೆಸಿ ತಯಾರಿಸಿದ, ಹಿಂಬದಿಯಲ್ಲಿ ಒತ್ತಿದರೆ ಹಿಡಿಯುವ ಅಂಟುಳ್ಳ ಬಣ್ಣದ ಹಾಳೆ. ಇದರಲ್ಲಿ ಎರಡು ಜಾತಿಗಳಿವೆ. ಮೆದುವಾದ ಪ್ಲಾಸ್ಟಿಕ್ಕನ್ನು ಬಿಸಿ ಉರುಳೆಗಳ ನಡುವೆ ಹಾಯಿಸಿ, ಒತ್ತಿ, ಎಳೆದು ಹಾಳೆಯಾಗಿಸಿದರೆ ಅದು ಕ್ಯಾಲೆಂಡರ್ಡ್ ಫಿಲ್ಮ್. ದ್ರಾವಕದಲ್ಲಿ ಕರಗಿಸಿದ ದ್ರವವನ್ನು ಸಮತಟ್ಟಾದ ತಳದ ಮೇಲೆ ಹರವಿ, ಒಲೆಯಲ್ಲಿ ದ್ರಾವಕವನ್ನು ಆವಿಯಾಗಿಸಿ, ಎಲ್ಲಿಯೂ ಎಳೆಯದೆ ಹಾಳೆಯಾಗಲು ಬಿಟ್ಟರೆ ಅದು ಕಾಸ್ಟ್ ಫಿಲ್ಮ್. ಕಾಸ್ಟ್ ಫಿಲ್ಮ್ ಸುಮಾರು 50 ಮೈಕ್ರಾನಿನಷ್ಟು, ಅಂದರೆ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು ತೆಳುವಾಗಿದ್ದು ಬಂಪರಿನ ತಿರುವು, ಕನ್ನಡಿಯ ಗುಂಡು, ಬಾಗಿಲ ಹಿಡಿಯ ತಗ್ಗು ಮುಂತಾದ ಕಡೆ ಒಗ್ಗಿ ಕೂರುತ್ತದೆ. ಕ್ಯಾಲೆಂಡರ್ಡ್ ಫಿಲ್ಮ್ ಅದಕ್ಕಿಂತ ದಪ್ಪವಾಗಿದ್ದು, ತಯಾರಿಕೆಯಲ್ಲಿ ಎಳೆಸಿಕೊಂಡ ಒತ್ತಡವನ್ನು ಮೈಯಲ್ಲಿಟ್ಟುಕೊಂಡಿರುವುದರಿಂದ, ಬಿಸಿಲಿಗೆ ಕಾದಾಗಲೆಲ್ಲ ಹಿಂದಿನ ಅಳತೆಗೆ ಕುಗ್ಗಲು ನೋಡುತ್ತದೆ. ಕಸುಬುದಾರರು ಇದನ್ನು ಫಿಲ್ಮಿನ 'ಮೆಮೊರಿ' ಎನ್ನುತ್ತಾರೆ. ವೈಶೇಷಿಕ ದರ್ಶನವು ಮನಸ್ಸಿನಲ್ಲಿ ಉಳಿಯುವ ಅನುಭವದ ಅಚ್ಚನ್ನೂ, ಬಾಗಿಸಿದ ವಸ್ತು ಮೊದಲಿನ ಸ್ಥಿತಿಗೆ ಮರಳುವ ಸ್ಥಿತಿಸ್ಥಾಪಕತೆಯನ್ನೂ ಸಂಸ್ಕಾರವೆಂಬ ಒಂದೇ ಗುಣದ ಪ್ರಭೇದಗಳೆಂದು ಎಣಿಸಿರುವುದು ಇಲ್ಲಿ ಸ್ಮರಣೀಯ. ಹೊದಿಕೆಯ ಅಂಚು ಆರು ತಿಂಗಳ ಅನಂತರ ಹಿಂಸರಿದು, ಕೆಳಗಿನ ಮೂಲ ಬಣ್ಣದ ಗೆರೆ ಇಣುಕುವುದಕ್ಕೆ ಬಹುಮಟ್ಟಿಗೆ ಈ ಸಂಸ್ಕಾರವೇ ಕಾರಣ.

ಬೆಲೆಯ ವಿಷಯಕ್ಕೆ ಬಂದರೆ, 1.52 ಮೀಟರ್ ಅಗಲದ ಸುರುಳಿಯಲ್ಲಿ ಬರುವ ಫಿಲ್ಮು ಒಂದು ಸೆಡಾನ್ ಕಾರಿಗೆ ಸುಮಾರು 18ರಿಂದ 20 ಮೀಟರ್ ಬೇಕಾಗುತ್ತದೆ. ಬೆಂಗಳೂರಿನಂಥ ನಗರದಲ್ಲಿ ಸಾಧಾರಣ ಫಿಲ್ಮಿನಿಂದ ಸಣ್ಣ ಕಾರನ್ನು ಹೊದಿಸಲು 40,000ದಿಂದ 60,000 ರೂಪಾಯಿ, 3ಎಂ ಅಥವಾ ಆವೆರಿ ಡೆನಿಸನ್‌ನಂಥ ತಯಾರಕರ ಕಾಸ್ಟ್ ಫಿಲ್ಮಿನಿಂದ ಸೆಡಾನನ್ನು ಹೊದಿಸಲು 80,000ದಿಂದ ಒಂದೂವರೆ ಲಕ್ಷದವರೆಗೆ ಹೇಳುವುದು ವಾಡಿಕೆ. ದೊಡ್ಡ ಎಸ್‌ಯುವಿಗಳಿಗೂ, ಕನ್ನಡಿಯಂತೆ ಹೊಳೆಯುವ ಕ್ರೋಮ್ ಫಿಲ್ಮಿಗೂ ಇದಕ್ಕಿಂತ ಹೆಚ್ಚು. ಈ ಮೊತ್ತದಲ್ಲಿ ಫಿಲ್ಮಿನ ಬೆಲೆ ಎಣಿಕೆಗೆ ಸಿಗುವ ಭಾಗ. ಎಣಿಕೆಗೆ ಸಿಗದ ಭಾಗ ಸಮಯದ್ದು. ಕಾರನ್ನು ತೊಳೆದು, ಬಣ್ಣಕ್ಕೆ ಕಚ್ಚಿಕೊಂಡ ಟಾರು ಮತ್ತು ಲೋಹದ ಕಣಗಳನ್ನು ಕ್ಲೇ ಎಂಬ ಜೇಡಿಯಂಥ ಮುದ್ದೆಯಿಂದ ಉಜ್ಜಿ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಮೇಣದ ಜಿಡ್ಡು ಹೋಗುವಂತೆ ಒರೆಸಿ, ಬಾಗಿಲ ಹಿಡಿ, ದೀಪ, ಕನ್ನಡಿಗಳನ್ನು ಕಳಚಿಟ್ಟ ಮೇಲಷ್ಟೆ ಮೊದಲ ಹಾಳೆ ಕಾರಿನ ಮೈ ಮುಟ್ಟಬೇಕು. ಹಾಳೆಯನ್ನು ಕತ್ತರಿಸುವಾಗ ಬ್ಲೇಡು ಬಣ್ಣಕ್ಕೆ ತಾಗದಂತೆ, ಒಳಗೆ ನೂಲಿರುವ ಒಂದು ಬಗೆಯ ಟೇಪನ್ನು ಮೊದಲೇ ಅಂಟಿಸಿ ಆ ನೂಲಿನಿಂದಲೇ ಫಿಲ್ಮನ್ನು ಸೀಳುವ ಕ್ರಮವಿದೆ. ತಗ್ಗುಗಳಲ್ಲಿ ಹಿಗ್ಗಿಸಿ ಕೂರಿಸಿದ ಭಾಗವನ್ನು ಕೊನೆಗೆ ತಯಾರಕರು ಸೂಚಿಸಿದಂತೆ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೋ ಅದಕ್ಕೂ ಮೇಲಕ್ಕೋ ಕಾಯಿಸಿ, ಅಷ್ಟು ಕಾದಿದೆಯೆಂದು ಉಷ್ಣಮಾಪಕದಿಂದ ಅಳೆದು, ಅದರ ಕುಗ್ಗುವ ಗುಣವನ್ನು ಇಳಿಸಬೇಕು. ಇದೆಲ್ಲವನ್ನೂ ಮಾಡಿದರೆ ಇಬ್ಬರು ನುರಿತವರಿಗೂ ಹಲವು ದಿನಗಳು ಹಿಡಿಯುತ್ತವೆ. ಬಿಟ್ಟರೆ ಒಂದೇ ದಿನದಲ್ಲಿ ಮುಗಿಯುತ್ತದೆ. ಮಾಡಿದ್ದೂ ಬಿಟ್ಟದ್ದೂ ಹೊದಿಕೆಯ ಅಡಿಯಲ್ಲಿ ಸಮನಾಗಿ ಮರೆಯಾಗುತ್ತವೆ.

ಇಂಥ ಸ್ಥಿತಿಯಲ್ಲಿ ಗಿರಾಕಿ ಸಹಜವಾಗಿ ಬೆಲೆಯನ್ನೇ ಗುಣದ ಗುರುತಾಗಿ ಹಿಡಿಯುತ್ತಾನೆ. ನ್ಯಾಯಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಅವನು ಬೆಲೆಯನ್ನು ಹೇತುವಾಗಿಯೂ ಗುಣವನ್ನು ಸಾಧ್ಯವಾಗಿಯೂ ಇಟ್ಟು ಅನುಮಾನ ಮಾಡುತ್ತಾನೆ. ಹೇತು ಎಂದರೆ ಕಾಣುವ ಗುರುತು, ಸಾಧ್ಯ ಎಂದರೆ ಅದರಿಂದ ಊಹಿಸಬೇಕಾದ ಕಾಣದ ವಸ್ತು; ಇವೆರಡರ ನಡುವೆ ಎಂದೂ ತಪ್ಪದ ಸಂಬಂಧವಿದ್ದರೆ ಅದು ವ್ಯಾಪ್ತಿ. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ ಎಂಬುದು ವ್ಯಾಪ್ತಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆ ಎಂಬುದು ಅಲ್ಲ, ಏಕೆಂದರೆ ಹೊಗೆ ಏಳಬೇಕಾದರೆ ಹಸಿ ಸೌದೆಯೂ ಬೇಕು. ಹೀಗೆ ಸಂಬಂಧದ ನಡುವೆ ಸದ್ದಿಲ್ಲದೆ ಸೇರಿಕೊಂಡಿರುವ ನಿಬಂಧನೆಯನ್ನು ನೈಯಾಯಿಕರು ಉಪಾಧಿ ಎಂದರು. ಹೆಚ್ಚು ಬೆಲೆಯಿಂದ ಒಳ್ಳೆಯ ಕೆಲಸವನ್ನು ಊಹಿಸುವ ಅನುಮಾನದಲ್ಲಿಯೂ ಇಂಥದೇ ಉಪಾಧಿಯೊಂದು ಅಡಗಿದೆ. ಕೊಟ್ಟ ಹಣ ಫಿಲ್ಮಿಗೂ ಕೈಗೆಲಸದ ಗಂಟೆಗಳಿಗೂ ಸಂದಾಗ ಮಾತ್ರ ಬೆಲೆಯ ಜೊತೆ ಗುಣ ಬರುತ್ತದೆ. ಅಂಗಡಿಯ ಬಾಡಿಗೆಗೆ, ಜಾಹೀರಾತಿಗೆ, ಗಾಜಿನ ಕೋಣೆಯ ದೀಪಗಳಿಗೆ ಸಂದಾಗ ಬರುವುದಿಲ್ಲ. ಆದ್ದರಿಂದ ದುಬಾರಿ ದರ ಒಳ್ಳೆಯ ಕೆಲಸಕ್ಕೆ ವ್ಯಭಿಚಾರಿ ಹೇತು, ಅಂದರೆ ಸಾಧ್ಯವಿಲ್ಲದ ಕಡೆಯೂ ಕಾಣಿಸಿಕೊಳ್ಳುವ, ನಂಬಲಾಗದ ಗುರುತು.

ಆದರೆ ಇದೇ ಅನುಮಾನವನ್ನು ಕೆಳಮುಖವಾಗಿ ತಿರುಗಿಸಿದರೆ ಅದು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದನ್ನು ಬೆಲೆಯ ಬಗ್ಗೆ ಮಾತನಾಡುವವರು ಸಾಕಷ್ಟು ಗಮನಿಸಿಲ್ಲ. ಹೆಸರಿಸಿದ ಫಿಲ್ಮಿನ ಖರೀದಿಯ ಬೆಲೆ ಮತ್ತು ಕೆಲಸಗಾರರ ದಿನಗಳ ನ್ಯಾಯವಾದ ಕೂಲಿ, ಇವೆರಡರ ಮೊತ್ತಕ್ಕಿಂತ ಕಡಿಮೆ ದರ ಹೇಳಿದಲ್ಲೆಲ್ಲ ಮೂರರಲ್ಲಿ ಒಂದು ನಡೆದಿರಲೇಬೇಕು: ಫಿಲ್ಮು ಹೇಳಿದ ಫಿಲ್ಮಲ್ಲ, ಅಥವಾ ಕೆಲಸದ ಗಂಟೆಗಳನ್ನು ಕಡಿದಿದ್ದಾರೆ, ಅಥವಾ ಕೂಲಿಯವನಿಗೆ ಸಲ್ಲಬೇಕಾದದ್ದು ಸಂದಿಲ್ಲ. ಮೂರನೆಯದನ್ನು ಗಿರಾಕಿ ತನಗೆ ಸಂಬಂಧಿಸಿದ್ದಲ್ಲ ಎಂದು ಬದಿಗಿಡುವುದು ವಾಡಿಕೆ, ಅದು ನೀತಿಯಲ್ಲ. ಹೆಚ್ಚಿನ ಬೆಲೆ ಏನನ್ನೂ ಸಾಧಿಸಿಕೊಡದಿದ್ದರೂ ಅತಿ ಕಡಿಮೆ ಬೆಲೆ ಒಂದು ಕೊರತೆಯನ್ನು ನಿಶ್ಚಯವಾಗಿ ಸಾಧಿಸಿಕೊಡುತ್ತದೆ. ಹಾಗಾಗಿ ಬೆಲೆಯಿಂದ ಯಾರನ್ನು ಬಿಡಬೇಕೆಂಬುದನ್ನು ತಿಳಿಯಬಹುದೇ ಹೊರತು ಯಾರನ್ನು ಹಿಡಿಯಬೇಕೆಂಬುದನ್ನು ತಿಳಿಯಲಾಗದು. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಬರೆದ ಪ್ರಬಂಧ ಇದರ ಸಾಮಾಜಿಕ ಪರಿಣಾಮವನ್ನು ತೋರಿಸಿತು: ಗುಣವನ್ನು ಗುರುತಿಸಲಾರದ ಗಿರಾಕಿ ಎಲ್ಲಕ್ಕೂ ಸರಾಸರಿ ಬೆಲೆಯನ್ನೇ ಕೊಡಲು ಮುಂದಾದಾಗ, ಒಳ್ಳೆಯ ಸರಕುಳ್ಳವನಿಗೆ ಆ ಬೆಲೆ ಗಿಟ್ಟದೆ ಅವನು ಸಂತೆಯನ್ನೇ ಬಿಟ್ಟು ಹೋಗುತ್ತಾನೆ.

ಹಾಗಾದರೆ ಬಲ್ಲವನನ್ನು ಗುರುತಿಸುವ ಬಗೆ ಯಾವುದು? ಪ್ಲೇಟೋನ 'ಖಾರ್ಮಿಡೀಸ್' ಎಂಬ ಸಂವಾದದಲ್ಲಿ ಸಾಕ್ರಟೀಸ್ ಈ ಪ್ರಶ್ನೆಯನ್ನು ಎತ್ತಿ ನಿರಾಶೆಯ ಅಂಚಿಗೆ ಒಯ್ಯುತ್ತಾನೆ. ವೈದ್ಯವಿದ್ಯೆ ತಿಳಿಯದವನು ನಿಜವಾದ ವೈದ್ಯನನ್ನೂ ವೇಷಧಾರಿಯನ್ನೂ ಬೇರ್ಪಡಿಸಲಾರ, ಬೇರ್ಪಡಿಸಬಲ್ಲವನು ಇನ್ನೊಬ್ಬ ವೈದ್ಯನೇ ಎಂಬುದು ಅಲ್ಲಿನ ವಾದದ ಮೊನೆ. ತರ್ಕ ಸರಿಯಾಗಿಯೇ ಇದೆ, ಆದರೆ ಅದು ವಿದ್ಯೆಯನ್ನು ಮಾತ್ರ ನೋಡುತ್ತದೆ, ವಿದ್ಯಾವಂತನ ನಡತೆಯನ್ನು ನೋಡುವುದಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 29ನೆಯ ಅಧ್ಯಾಯ ಈ ಕೊರತೆಯನ್ನು ತುಂಬುತ್ತದೆ. ಪ್ರಾಣ ಉಳಿಸುವ ವೈದ್ಯ, ರೋಗ ಬೆಳೆಸುವ ವೈದ್ಯ ಎಂದು ಇಬ್ಬಗೆಯಾಗಿ ವಿಂಗಡಿಸಿ, ಎರಡನೆಯವನ ಗುರುತುಗಳನ್ನು ಅದು ಸಾಮಾನ್ಯನೂ ಕಾಣಬಲ್ಲಂತೆ ವಿವರಿಸುತ್ತದೆ. ವೈದ್ಯನ ವೇಷ ತೊಟ್ಟು ಅಲೆಯುವ ಇವನು ಯಾರಿಗಾದರೂ ಕಾಯಿಲೆಯೆಂದು ಕೇಳಿದೊಡನೆ ಧಾವಿಸುತ್ತಾನೆ, ತನ್ನ ಗುಣಗಳನ್ನು ಗಟ್ಟಿಯಾಗಿ ಸಾರುತ್ತಾನೆ, ಈಗ ಚಿಕಿತ್ಸೆ ಕೊಡುತ್ತಿರುವ ವೈದ್ಯನ ದೋಷಗಳನ್ನು ಮತ್ತೆ ಮತ್ತೆ ಹೇಳುತ್ತಾನೆ, ರೋಗಿಯ ಗೆಳೆಯರನ್ನು ಓಲೈಸುತ್ತಾನೆ, ತನಗೆ ಬೇಕಾದದ್ದು ಸ್ವಲ್ಪವೇ ಎಂದು ಪ್ರಕಟಿಸುತ್ತಾನೆ. ಚಿಕಿತ್ಸೆ ಫಲಿಸದಿದ್ದಾಗ ರೋಗಿಯ ಬಳಿ ಸಾಮಗ್ರಿಯಿರಲಿಲ್ಲ, ಪರಿಚಾರಕರಿರಲಿಲ್ಲ, ಅವನಿಗೆ ಸಂಯಮವಿರಲಿಲ್ಲ ಎಂದು ತಪ್ಪನ್ನು ಅವನ ಮೇಲೇ ಹೊರಿಸುತ್ತಾನೆ. ಆಯುರ್ವೇದದ ಓದಿಲ್ಲದವನೂ ಈ ನಡತೆಯನ್ನು ಗುರುತಿಸಬಲ್ಲ ಎಂಬಲ್ಲಿ ಚರಕನ ಮಾತಿನ ಬೆಲೆಯಿದೆ. ರ‍್ಯಾಪಿನ ಅಂಗಡಿಯಲ್ಲಿ ಪಕ್ಕದವನ ಕೆಲಸವನ್ನು ಹಳಿಯುವುದು, ಇವತ್ತೇ ಹಣ ಕಟ್ಟಿದರೆ ಅರ್ಧ ದರ ಎನ್ನುವುದು, ಅಂಚು ಎದ್ದು ಬಂದಾಗ ಗಿರಾಕಿ ತೊಳೆದ ರೀತಿಯೇ ತಪ್ಪೆನ್ನುವುದು, ಇವೆಲ್ಲವೂ ಆ ಅಧ್ಯಾಯದ ಲಕ್ಷಣಗಳೇ.

ನಡತೆಯಿಂದ ಕಪಟಿಯನ್ನು ಬಿಟ್ಟುಬಿಡಬಹುದಾದರೂ ಯೋಗ್ಯನನ್ನು ಆರಿಸಲು ಇನ್ನೊಂದು ಹೆಜ್ಜೆ ಬೇಕು. ಅದನ್ನು ನ್ಯಾಯಸೂತ್ರಗಳೂ ಅವುಗಳ ಮೇಲಿನ ವಾತ್ಸ್ಯಾಯನನ ಭಾಷ್ಯವೂ ಒದಗಿಸುತ್ತವೆ. ಸೂತ್ರಕಾರ ಗೌತಮನ ಪ್ರಕಾರ ಶಬ್ದ, ಅಂದರೆ ಬೇರೊಬ್ಬರ ಮಾತು ಪ್ರಮಾಣವಾಗುವುದು ಅದನ್ನು ಆಡಿದವನು ಆಪ್ತನಾಗಿದ್ದಾಗ. ಆಪ್ತನಲ್ಲಿ ಮೂರು ಗುಣಗಳಿರಬೇಕೆಂದು ಭಾಷ್ಯಕಾರ ಹೇಳುತ್ತಾನೆ: ವಿಷಯವನ್ನು ತಾನೇ ಸಾಕ್ಷಾತ್ತಾಗಿ ಕಂಡಿರುವುದು, ಜೀವಿಗಳ ಮೇಲಿನ ದಯೆ, ಇದ್ದುದನ್ನು ಇದ್ದಂತೆಯೇ ತಿಳಿಸಬೇಕೆಂಬ ಬಯಕೆ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಅವನು ಸೇರಿಸಿದ್ದಾನೆ. ಆಪ್ತತೆ ಕುಲದಿಂದ ಬರುವುದಿಲ್ಲ, ಗ್ರಂಥದಿಂದಲೂ ಬರುವುದಿಲ್ಲ. ತನ್ನ ವಿಷಯದಲ್ಲಿ ಕಣ್ಣಾರೆ ಕಂಡು ನೇರವಾಗಿ ಹೇಳುವ ಯಾರಿಗಾದರೂ ಅದು ಸಲ್ಲುತ್ತದೆ. ಫಿಲ್ಮು ಅಂಟಿಸಿ ಬೆರಳು ಸವೆಸಿದ ಕೆಲಸಗಾರನೂ ತನ್ನ ವಿಷಯದಲ್ಲಿ ಆಪ್ತನಾಗಬಲ್ಲ ಎಂದು ಈ ಮಾತಿನಿಂದ ಧಾರಾಳವಾಗಿ ಹೇಳಬಹುದು.

ಮೂರು ಗುಣಗಳಲ್ಲಿ ಮೊದಲನೆಯದನ್ನು, ಅಂದರೆ ಸಾಕ್ಷಾತ್ ಜ್ಞಾನವನ್ನು, ಪರೀಕ್ಷಿಸುವುದು ಸುಲಭ. ಯಾವ ಫಿಲ್ಮು, ಯಾವ ಸರಣಿ, ಯಾವ ಭಾಗಗಳನ್ನು ಕಳಚುತ್ತಾರೆ, ಬಂಪರಿನ ತಗ್ಗಿನಲ್ಲಿ ಒಂದೇ ಹಾಳೆಯನ್ನು ಹಿಗ್ಗಿಸುತ್ತಾರೋ ಬೇರೆ ತುಂಡನ್ನು ಕೂರಿಸುತ್ತಾರೋ ಎಂದು ಕೇಳಿದರೆ, ಕೆಲಸ ಬಲ್ಲವನು ತಡವರಿಸುವುದಿಲ್ಲ. ಜೊತೆಗೆ ಉತ್ತರ ಕೊಡುವವನೇ ಕೆಲಸ ಮಾಡುವವನೋ ಅಥವಾ ಮಾರಾಟಕ್ಕೆ ಕುಳಿತವನೋ ಎಂಬುದೂ ತಿಳಿಯುತ್ತದೆ. ಆದರೆ ಬಲ್ಲವನೆಲ್ಲ ನಿಜ ಹೇಳುವವನಲ್ಲ. ಉಳಿದೆರಡು ಗುಣಗಳು ಗೋಚರವಾಗುವುದು, ನಿಜ ಹೇಳಿದರೆ ಹೇಳುವವನಿಗೇ ನಷ್ಟವಾಗುವಂಥ ಪ್ರಶ್ನೆಯನ್ನು ಕೇಳಿದಾಗ. ಕಾರಿನ ಒಂದು ಬಾಗಿಲಿಗೆ ಈಚೆಗೆ ಮರುಬಣ್ಣ ಬಳಿಸಿದ್ದರೆ, ಆ ಬಣ್ಣದೊಳಗಿನ ದ್ರಾವಕ ಹೊರಹೋಗಲು ವಾರಗಳು ಬೇಕಾಗುವುದರಿಂದ ಕಾಯಬೇಕೆಂದೂ, ಮುಂದೊಮ್ಮೆ ಹೊದಿಕೆ ಕೀಳುವಾಗ ಆ ಬಣ್ಣ ಅದರೊಡನೆ ಎದ್ದು ಬರಬಹುದೆಂದೂ ಹೇಳುವವನು ಬಂದ ವ್ಯಾಪಾರವನ್ನು ತಾನೇ ಮುಂದಕ್ಕೆ ತಳ್ಳುತ್ತಿದ್ದಾನೆ. ಹೊದಿಕೆ ತಗ್ಗು, ಗೀರು, ತುಕ್ಕುಗಳನ್ನು ಮುಚ್ಚುವುದಿಲ್ಲ, ತೆಳುವಾದ ಹಾಳೆಯಾದ್ದರಿಂದ ಅವನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ ಎಂದು ಎಚ್ಚರಿಸುವವನೂ, ಬಾನೆಟ್ ಮತ್ತು ಛಾವಣಿ ನೇರ ಬಿಸಿಲನ್ನು ಉಣ್ಣುವುದರಿಂದ ಬಾಗಿಲುಗಳಿಗಿಂತ ಬೇಗ ಹಾಳಾಗುತ್ತವೆ, ತಯಾರಕರ ಖಾತರಿಯೂ ಅಲ್ಲಿ ಕಡಿಮೆ ಅವಧಿಯದು ಎಂದು ಕೇಳುವ ಮೊದಲೇ ತಿಳಿಸುವವನೂ ಹಾಗೆಯೇ. ಸ್ವಲಾಭಕ್ಕೆ ವಿರುದ್ಧವಾದ ಇಂಥ ಒಂದು ಮಾತು, ಲಾಭಕ್ಕೆ ಅನುಕೂಲವಾದ ಹತ್ತು ಭರವಸೆಗಳಿಗಿಂತ ಬಲವಾದ ಸಾಕ್ಷ್ಯ. ಭಾಷ್ಯಕಾರ ದಯೆಯನ್ನು ಜ್ಞಾನದ ಪಕ್ಕದಲ್ಲೇ ಇಟ್ಟದ್ದು ಭಾವುಕತೆಯಿಂದಲ್ಲ: ಕೇಳುವವನ ಹಿತ ಬೇಡವಾದವನಿಗೆ ಗೊತ್ತಿದ್ದುದನ್ನು ಗೊತ್ತಿದ್ದಂತೆ ಹೇಳಲು ಕಾರಣವೇ ಇರುವುದಿಲ್ಲ.

ನ್ಯಾಯಸೂತ್ರಗಳಲ್ಲಿಯೇ ಇನ್ನೊಂದು ಯುಕ್ತಿಯಿದೆ. ವೇದದ ಪ್ರಾಮಾಣ್ಯವನ್ನು ಸಾಧಿಸುವಾಗ ಗೌತಮನು ಮಂತ್ರ ಮತ್ತು ಆಯುರ್ವೇದಗಳನ್ನು ಎತ್ತಿಕೊಳ್ಳುತ್ತಾನೆ. ಫಲ ಇಲ್ಲೇ ಕಾಣಸಿಗುವ ಭಾಗ ನಿಜವೆಂದು ತಿಳಿದ ಮೇಲೆ, ಅದೇ ಆಪ್ತರಿಂದ ಬಂದ, ಫಲ ಕಣ್ಣಿಗೆ ಬೀಳದ ಭಾಗವನ್ನೂ ನಂಬಬಹುದು ಎಂಬುದು ಅದರ ತಿರುಳು. ವೇದದ ವಿಷಯದಲ್ಲಿ ಈ ಯುಕ್ತಿ ಎಷ್ಟು ದೂರ ನಡೆಯುತ್ತದೆ ಎಂಬುದರ ಬಗ್ಗೆ ಮೀಮಾಂಸಕರಿಗೂ ಬೌದ್ಧರಿಗೂ ತಕರಾರುಗಳಿವೆ, ಆದರೆ ಕೈಗೆಲಸದ ವಿಷಯದಲ್ಲಿ ಅದು ಸೊಗಸಾಗಿ ನಡೆಯುತ್ತದೆ. ಬಾಗಿಲು ತೆರೆದಾಗ ಕಾಣುವ ಒಳಮಡಿಕೆ, ಪೆಟ್ರೋಲ್ ಮುಚ್ಚಳದ ಹಿಂಬದಿ, ದೀಪದ ಸುತ್ತಲಿನ ಸಂದು, ಇವು ಗಿರಾಕಿ ನೋಡಲಾರನೆಂದು ಕೆಲಸಗಾರ ಭಾವಿಸಬಹುದಾದ, ಆದರೆ ನೋಡಲು ಸಾಧ್ಯವಿರುವ ಜಾಗಗಳು. ಅಲ್ಲಿ ಫಿಲ್ಮು ಅಂಚಿನಾಚೆ ಒಳಕ್ಕೆ ಮಡಿಚಿ ಕೂತಿದ್ದರೆ, ನೋಡಲು ಸಾಧ್ಯವೇ ಇಲ್ಲದ ಕಡೆಯೂ ಜಿಡ್ಡನ್ನು ಒರೆಸಿರಬೇಕೆಂಬ ಊಹೆಗೆ ಆಧಾರ ಸಿಗುತ್ತದೆ.

ಒಂದು ಜ್ಞಾನ ಸರಿಯಾದುದೆಂದು ತಿಳಿಯುವುದು ಯಾವಾಗ ಎಂಬ ವಿವಾದಕ್ಕೂ ಇಲ್ಲಿ ಸ್ಥಾನವಿದೆ. ಜ್ಞಾನ ತನ್ನಷ್ಟಕ್ಕೇ ಪ್ರಮಾಣ, ಬಾಧಕ ಕಂಡಾಗ ಮಾತ್ರ ಅದನ್ನು ಬಿಡಬೇಕು ಎಂಬುದು ಮೀಮಾಂಸಕರ ಸ್ವತಃಪ್ರಾಮಾಣ್ಯವಾದ. ಅದನ್ನು ನಂಬಿ ನಡೆದು ಫಲ ಕಂಡ ಮೇಲೆಯೇ ಅದರ ಪ್ರಾಮಾಣ್ಯ ನಿಶ್ಚಯ ಎಂಬುದು ನೈಯಾಯಿಕರ ಪರತಃಪ್ರಾಮಾಣ್ಯವಾದ. ಉಡುಪಿಯ ಮಧ್ವಾಚಾರ್ಯರ ಪರಂಪರೆ ಸ್ವತಃಪ್ರಾಮಾಣ್ಯವನ್ನು ಒಪ್ಪಿದರೂ, ಸಂಶಯ ಹುಟ್ಟಿದ ಕಡೆ ಪರೀಕ್ಷೆಯಿಂದ ಅದನ್ನು ಕಳೆದ ಮೇಲೆಯೇ ಸಾಕ್ಷಿ, ಅಂದರೆ ಆತ್ಮಸ್ವರೂಪವಾದ ಅರಿವಿನ ಶಕ್ತಿ, ಪ್ರಾಮಾಣ್ಯವನ್ನು ನಿಶ್ಚಯಿಸುತ್ತದೆ ಎನ್ನುತ್ತದೆ. ಹೊದಿಕೆಯ ದೋಷ ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೆ ಹೊರಬೀಳುವುದರಿಂದ ನೈಯಾಯಿಕರ ಫಲಪರೀಕ್ಷೆ ಮೊದಲ ಗಿರಾಕಿಗೆ ತಡವಾಗಿ ಬರುತ್ತದೆ, ಆದರೆ ಅವನ ಅನಂತರ ಬರುವವನಿಗೆ ತಡವಾಗಿರುವುದಿಲ್ಲ. ಆದಕಾರಣ ನಿನ್ನೆ ಮುಗಿದ ಕಾರನ್ನೋ ಅದರ ಚಿತ್ರವನ್ನೋ ನೋಡಿ ಏನನ್ನೂ ನಿರ್ಣಯಿಸಲಾಗದು. ಅದೇ ಕೈಯಿಂದ ಎರಡು ವರ್ಷದ ಹಿಂದೆ ಹೊದಿಸಿದ, ಬಯಲಲ್ಲಿ ನಿಲ್ಲುವ ಕಾರನ್ನು ನೋಡಬೇಕು. ಹಾಗೆ ನೋಡಲು ಬಂದವನಿಗೆ ತನ್ನ ಕಾರಿನ ಒಳ್ಳೆಯದನ್ನೂ ಕೆಟ್ಟದ್ದನ್ನೂ ಇದ್ದಂತೆ ಹೇಳುವುದು ಹಿಂದಿನ ಗಿರಾಕಿಯ ಕರ್ತವ್ಯವಾಗುತ್ತದೆ, ಏಕೆಂದರೆ ಆ ಹೊತ್ತಿಗೆ ಆ ವಿಷಯದಲ್ಲಿ ಸಾಕ್ಷಾತ್ ಕಂಡವನು ಅವನೇ.

ಕರ್ನಾಟಕದ ಮಟ್ಟಿಗೆ ಈ ವಿಚಾರ ಹನ್ನೆರಡನೆಯ ಶತಮಾನದ ಶರಣರ ಕಾಯಕತತ್ತ್ವವನ್ನು ಮುಟ್ಟದೆ ಪೂರ್ಣವಾಗುವುದಿಲ್ಲ. ಕಾಯಕವೆಂದರೆ ಹೊಟ್ಟೆಪಾಡಿನ ಕೆಲಸವನ್ನೇ ಪೂಜೆಯಂತೆ, ಅದರ ಗಳಿಕೆಯಲ್ಲಿ ತನಗೆ ಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡು, ಮಾಡುವುದು. ಅಕ್ಕಿ ಆಯುವ ಕಾಯಕದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಹೆಚ್ಚಾದದ್ದನ್ನು ಹಿಂದಿರುಗಿಸಲು ಕಳಿಸಿದಳೆಂಬ ಕಥೆ ಬೆಲೆಯ ಪ್ರಶ್ನೆಗೇ ಸೇರಿದ್ದು: ಅಲ್ಲಿ ಅಕ್ಕಿಯನ್ನು ಅಳೆದವಳು ಕೊಟ್ಟವರ ಮನೆಯವಳಲ್ಲ, ಪಡೆದವರ ಮನೆಯವಳು. ನ್ಯಾಯದರ್ಶನವು ಕೆಲಸವನ್ನು ಹೊರಗಿನಿಂದ ಪರೀಕ್ಷಿಸುವವನ ಬದಿಯಲ್ಲಿ ನಿಂತರೆ ಕಾಯಕದರ್ಶನವು ಮಾಡುವವನ ಬದಿಯಲ್ಲಿ ನಿಲ್ಲುತ್ತದೆ, ಮತ್ತು ಹೊದಿಕೆಯ ಅಡಿಯ ಜಿಡ್ಡಿನಂಥ, ಯಾವ ಪರೀಕ್ಷೆಗೂ ನಿಲುಕದ ಜಾಗದಲ್ಲಿ ಕೊನೆಗೂ ಕಾಯುವುದು ಎರಡನೆಯದೇ. ಯಾವ ಪ್ರಮಾಣಶಾಸ್ತ್ರವೂ ಆ ಜಾಗವನ್ನು ಪೂರ್ತಿ ತುಂಬಲಾರದು ಎಂದು ಒಪ್ಪಿಕೊಳ್ಳುವುದರಿಂದ ಶಾಸ್ತ್ರಕ್ಕೆ ಕುಂದೇನೂ ಇಲ್ಲ.

ಆಪ್ತತೆಯ ಬೇಡಿಕೆ ಗಿರಾಕಿಯ ಮೇಲೂ ಇದೆ; ತನ್ನ ಕಾರಿನ ವಿಷಯದಲ್ಲಿ ಸಾರಿಗೆ ಕಚೇರಿಗೂ ಕೆಲಸಗಾರನಿಗೂ ಅವನು ಇದ್ದುದನ್ನು ಇದ್ದಂತೆ ತಿಳಿಸಬೇಕು. ಮೋಟಾರು ವಾಹನಗಳ ಕಾಯ್ದೆ, 1988ರ 52ನೆಯ ಸೆಕ್ಷನ್ನು ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ, ಮತ್ತು ಬಣ್ಣವೂ ಆ ಪತ್ರದಲ್ಲಿ ದಾಖಲಾಗಿರುವ ವಿವರ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಆಲಿವ್ ಹಸಿರನ್ನು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲಿಟ್ಟಿವೆ. ಆದ್ದರಿಂದ ಬಣ್ಣ ಬದಲಿಸುವವರು ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಮೊದಲು ವಿಚಾರಿಸಿ, ಅನುಮತಿ ಪಡೆದು, ಬದಲಾವಣೆಯನ್ನು ದಾಖಲು ಮಾಡಿಸಬೇಕು. ಅಂತೆಯೇ ಕಾರಿನ ಯಾವ ಭಾಗಕ್ಕೆ ಮರುಬಣ್ಣ ಬಳಿಸಿದೆ, ಎಲ್ಲಿ ಪುಟ್ಟಿ ತುಂಬಿಸಿದೆ, ಎಲ್ಲಿ ತುಕ್ಕು ಹತ್ತಿದೆ ಎಂಬುದನ್ನು ಬಲ್ಲವನು ಕಾರಿನ ಒಡೆಯ, ಕೆಲಸಗಾರನಲ್ಲ. ಅದನ್ನು ಮುಚ್ಚಿಟ್ಟು, ಹೊದಿಕೆ ಕೀಳುವ ದಿನ ಬಣ್ಣ ಎದ್ದು ಬಂದಿತೆಂದು ಕೆಲಸಗಾರನನ್ನು ದೂರುವುದು ಚರಕ ಹೇಳಿದ ಕಪಟವೈದ್ಯನ ನಡತೆಯನ್ನು ಗಿರಾಕಿಯೇ ತೋರಿದಂತೆ. ಕಾರಿನ ಒಡೆಯರು ಮುಂಗಡ ಕೊಡುವ ಮೊದಲೇ, ಸುರುಳಿಯಿಂದ ಫಿಲ್ಮು ಕತ್ತರಿಸುವ ಮೊದಲೇ, ಈ ವಿವರಗಳನ್ನು ಕೆಲಸಗಾರನಿಗೆ ತಿಳಿಸಿ, ಫಿಲ್ಮಿನ ಹೆಸರು ಮತ್ತು ಸರಣಿ, ಕಳಚುವ ಭಾಗಗಳು, ಕೈಗೆಲಸದ ಖಾತರಿಯ ಅವಧಿ, ಮುಂದೆ ಕೀಳಲು ತಗಲುವ ದರ, ಇಷ್ಟನ್ನೂ ಅವನಿಂದ ಬರೆಸಿಕೊಳ್ಳಬೇಕು.